ಒಲ್ಲೆ ಎಂದರೆ ಹೆಲೋ

ಯಂತ್ರಕ್ಕೆ ಕಿವಿ ಬಂದಿದೆ ಎಂದು ಶಾಲೆಯಲ್ಲಿ ಪೇಡೆ ಹಂಚಿದರು. ಅದೇ ದಿನ, ಹುಟ್ಟಿನಿಂದಲೇ ಕಿವಿ ಇದ್ದ ಅಕ್ಷಯಾ ಟೀಚರನ್ನು ಮನೆಗೆ ಕಳಿಸಿದರು. ಹೋಗುವಾಗ ಟೀಚರ್ ಕೈಗೂ ಒಂದು ಪೇಡೆ ಇಟ್ಟರು. ಸಂಸ್ಕಾರ ಅಂದರೆ ಅದು.

ಶಾಲೆ ಇರುವುದು ಮುಂಬೈ ಹತ್ತಿರದ ಕಲ್ಯಾಣ ಪೂರ್ವದಲ್ಲಿ, ವಿಠ್ಠಲವಾಡಿ ಸ್ಟೇಷನ್ನಿನ ಹತ್ತಿರ. ಡೌನ್ ಸಿಂಡ್ರೋಮ್ ಇರುವ ಮಕ್ಕಳು, ಬುದ್ಧಿ ನಿಧಾನ ಎಂದು ಬೇರೆ ಶಾಲೆಗಳು ಬಾಗಿಲು ಹಾಕಿಕೊಂಡ ಮಕ್ಕಳು ಅಲ್ಲಿಗೆ ಬರುತ್ತಾರೆ. ನಡೆಸುವುದು ಒಂದು ಟ್ರಸ್ಟು. ಟ್ರಸ್ಟಿನ ಕಾರ್ಯದರ್ಶಿ ಲೀಲಾಧರ ಶೇಟ್. ಉಡುಪಿ ಕಡೆಯಿಂದ ಬಂದು ಹೋಟೆಲು ಇಟ್ಟು ಬೆಳೆದವರು. ಅವರ ಹೋಟೆಲಿನ ಹಿಂಭಾಗದ ಮೋರಿಯಲ್ಲಿ, ಅಂದರೆ ಬಚ್ಚಲಲ್ಲಿ, ಪಾತ್ರೆ ತಿಕ್ಕುವವಳು ದಾನೇಶ್ವರಿ. ದಾನ ಹೆಸರಿನಲ್ಲಿ ಮಾತ್ರ ಇತ್ತು. ಕೈಯಲ್ಲಿದ್ದದ್ದು ಸೋಡಾಪುಡಿ ತಿಂದ ಗಾಯ.

ಲೀಲಾಧರ ಶೇಟ್ ಯಾರ ಜಾತಿಯನ್ನೂ ಕೇಳುವುದಿಲ್ಲ. ಹಾಗೆಂದು ಅವರೇ ಭಾಷಣಗಳಲ್ಲಿ ಹೇಳುತ್ತಾರೆ. ನಿಜವೇ. ಅವರು ಕೇಳುವುದಿಲ್ಲ, ಅವರ ಮ್ಯಾನೇಜರ್ ಕೇಳುತ್ತಾನೆ. ನಿನ್ನದು ಇಂಡಿ ತಾಲೂಕು ಸರಿ, ಊರಿನಲ್ಲಿ ಯಾವ ಕಡೆ ಮನೆ ಎಂದು ಕೇಳಿದ. ದಾನೇಶ್ವರಿ ಹೇಳಿದಳು. ಹಿಂದಿನ ಬಾಗಿಲು ತೋರಿಸಿದ. ಹಿಟ್ಟು ರುಬ್ಬುವ ಕಡೆ ಕಾಲಿಡಬೇಡ ಅಂದ. ಇಡ್ಲಿ ತಿಂದ ತಟ್ಟೆ ತೊಳೆಯಬಹುದು, ಇಡ್ಲಿಯ ಹಿಟ್ಟು ನೋಡಬಾರದು. ಜಾತಿ ಇಲ್ಲದ ಹೋಟೆಲಿನ ನಿಯಮ ಅದು.

ದಾನೇಶ್ವರಿಯ ಮಗಳು ಚಂಪಾ, ಒಂಬತ್ತು ವರ್ಷದವಳು. ಡೌನ್ ಸಿಂಡ್ರೋಮ್ ಎಂಬ ಹೆಸರನ್ನು ದೊಡ್ಡ ಆಸ್ಪತ್ರೆಯ ಡಾಕ್ಟರು ಹೇಳಿದ್ದರು. ಅವರಿದ್ದ ವಠಾರದಂಥ ಚಾಳಿನವರು ಅದಕ್ಕೂ ಮೊದಲೇ ಬೇರೆ ಹೆಸರುಗಳನ್ನು ಇಟ್ಟಾಗಿತ್ತು, ಅವನ್ನು ಇಲ್ಲಿ ಬರೆಯುವುದಿಲ್ಲ. ಚಂಪಾಳ ನಾಲಿಗೆ ದಪ್ಪ, ಮಾತು ಮೊಂಡು. ನೀರಿಗೆ 'ನೀ' ಅನ್ನುತ್ತಿದ್ದಳು, ರೊಟ್ಟಿಗೆ 'ಲೊಟ್ಟಿ'. ಅವ್ವನನ್ನು 'ಯವ್ವಾ' ಎಂದು ಇಡೀ ಚಾಳಿಗೆ ಕೇಳುವ ಹಾಗೆ ಕೂಗುತ್ತಿದ್ದಳು.

ಇಷ್ಟನ್ನು ಹೊರಗೆ ತಂದವಳು ಅಕ್ಷಯಾ ಟೀಚರ್. ಡೊಂಬಿವಲಿಯಿಂದ ಲೋಕಲ್ ಹಿಡಿದು ಬರುತ್ತಿದ್ದಳು. ಮಾತಿನ ಚಿಕಿತ್ಸೆ ಓದಿದವಳು. ಚಂಪಾಳ ತುಟಿಗೆ ಬೆಲ್ಲ ಹಚ್ಚಿ ನಾಲಿಗೆಯಿಂದ ನೆಕ್ಕಿಸುತ್ತಿದ್ದಳು. ಸ್ಟ್ರಾದಲ್ಲಿ ನೀರಿಗೆ ಊದಿಸಿ ಗುಳ್ಳೆ ಮಾಡಿಸುತ್ತಿದ್ದಳು. ತಾನು ಮಂಗಳೂರು ಕಡೆಯವಳಾದರೂ ಚಂಪಾಳ ಜೊತೆ "ಲೊಟ್ಟಿ ಬೇಕೇನ?" ಎಂದೇ ಮಾತಾಡುತ್ತಿದ್ದಳು.

ಒಂದು ಮಾತು ಮಾತ್ರ ಯಾರೂ ಕಲಿಸದೆ ಚಂಪಾಳಿಗೆ ಬಂದಿತ್ತು. 'ಒಲ್ಲೆ.' ಅವ್ವ ಅನ್ನುವುದಕ್ಕಿಂತ ಮೊದಲು ಅದನ್ನೇ ಅಂದಿದ್ದಳು. ಅನ್ನದೆ ಏನು ಮಾಡಿಯಾಳು? ಹುಟ್ಟಿದಾಗಿನಿಂದ ಕಂಡ ಕಂಡವರು ಮುಖ ಹಿಡಿದು ಎತ್ತಿ ನೋಡಿದ್ದರು. ಬಾಯಿ ಅಗಲಿಸಿ ನೋಡಿದ್ದರು. ಹರಕೆಯೆಂದು ತಲೆ ಬೋಳಿಸಿದ್ದರು, ಕಹಿ ಔಷಧ ಕುಡಿಸಿದ್ದರು, ಅಯ್ಯೋ ಪಾಪ ಎಂದು ಕೆನ್ನೆ ಹಿಂಡಿದ್ದರು. ಎಲ್ಲದಕ್ಕೂ ಅವಳದು ಒಂದೇ ಮಾತು, ಒಲ್ಲೆ. ಕೇಳಿದವರು ಯಾರೂ ಇಲ್ಲ. ಬಹುಶಃ ಅದಕ್ಕೇ ಅದು ಅಷ್ಟು ಗಟ್ಟಿಯಾಗಿ ರೂಢಿಯಾಯಿತು.

ಈಗ ಯಂತ್ರದ ವಿಷಯ. ನವಿ ಮುಂಬೈಯ ಮಹಾಪೆಯಲ್ಲಿ ಒಂದು ಕಂಪನಿ. ಅವರು ಟ್ಯಾಬ್ಲೆಟ್ಟಿನಲ್ಲಿ ಒಂದು ಗಿಳಿ ಮಾಡಿದ್ದರು. ಹೆಸರು ಮಿಠ್ಠು. ಗಿಳಿ ಚಿತ್ರ ತೋರಿಸುತ್ತದೆ, ಮಗು ಹೆಸರು ಹೇಳಬೇಕು. ಸರಿ ಹೇಳಿದರೆ ಗಿಳಿ ಕುಣಿದು ನಕ್ಷತ್ರ ಕೊಡುತ್ತದೆ. ತಪ್ಪಾದರೆ ಕತ್ತು ಇಳಿಬಿಟ್ಟು "ಫಿರ್ ಸೇ ಬೋಲೋ", ಮತ್ತೊಮ್ಮೆ ಹೇಳು, ಅನ್ನುತ್ತದೆ. ಮನುಷ್ಯರು ಗಿಳಿಗೆ ಮಾತು ಕಲಿಸುತ್ತಿದ್ದ ಕಾಲ ಮುಗಿದಿತ್ತು. ಟೀಚರಿಗೆ ಸಂಬಳ ಬೇಕು, ರಜೆ ಬೇಕು, ಲೋಕಲ್ ನಿಂತರೆ ಅವಳೂ ನಿಲ್ಲುತ್ತಾಳೆ. ಗಿಳಿಗೆ ಚಾರ್ಜರ್ ಸಾಕು.

ನಕ್ಷತ್ರ ಬಾರದ ಮಕ್ಕಳಿಗೂ ಟ್ರಸ್ಟು ವ್ಯವಸ್ಥೆ ಮಾಡಿತ್ತು. ಅವರನ್ನು ಹಿಂದಿನ ಕೋಣೆಗೆ ಕಳಿಸುತ್ತಿದ್ದರು. ಗಿಳಿ ಬರುವ ಮೊದಲಿನಿಂದಲೂ ಅಲ್ಲಿ ಹತ್ತಿ ಹೊಸೆದು ದೀಪದ ಬತ್ತಿ ಮಾಡುವ ಕೆಲಸ. ಬತ್ತಿಗಳು ಟಿಟ್ವಾಳಾದ ಪೂಜಾಸಾಮಾನಿನ ಅಂಗಡಿಗಳಿಗೆ ಹೋಗುತ್ತಿದ್ದವು. ಮಾತು ಬಾರದ ಮಕ್ಕಳು, ಇವರಿಗೆ ಕೈಕೆಲಸವೇ ಸರಿ ಎಂದು ಬಾಗಿಲ ಮೇಲೆ ಬರೆದಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಬತ್ತಿ ಕೋಣೆಗೆ ಹೋದ ಮಗುವಿನ ಜೊತೆ ಆಮೇಲೆ ಯಾರೂ ಮಾತಾಡುತ್ತಿರಲಿಲ್ಲ. ಮಾತು ಬಾರದವರ ಜೊತೆ ಮಾತೇಕೆ? ದಾನೇಶ್ವರಿ ಒಮ್ಮೆ ಆ ಬಾಗಿಲಲ್ಲಿ ಇಣುಕಿದ್ದಳು. ನನ್ನ ಕೂಸು ಇಲ್ಲಿ ಕೂರಬಾರದು ಅಂದುಕೊಂಡಳು.

ಮೊದಲ ದಿನ ಗಿಳಿ ನೀರು ತುಂಬಿದ ಲೋಟದ ಚಿತ್ರ ತೋರಿಸಿತು. ತಾಯಂದಿರು ಗೋಡೆಗೆ ಒರಗಿ ಕೂತು ನೋಡುತ್ತಿದ್ದರು.

"ನೀ," ಅಂದಳು ಚಂಪಾ.

"ಫಿರ್ ಸೇ ಬೋಲೋ."

"ನೀ! ನೀ!"

ಗಿಳಿಗೆ ಬೇಕಿದ್ದದ್ದು ಪಾನಿ. ಹೆಂಗಸಿನ ಚಿತ್ರ ಬಂತು. ಚಂಪಾ ತಿರುಗಿ ಗೋಡೆಯ ಕಡೆ ಕೈ ಮಾಡಿ "ಯವ್ವಾ" ಎಂದು ನಕ್ಕಳು. ಗಿಳಿ ಕತ್ತು ಇಳಿಬಿಟ್ಟಿತು. ಅದಕ್ಕೆ ಹಿಂದಿ ಗೊತ್ತು, ಮರಾಠಿ ಗೊತ್ತು, ಇಂಗ್ಲಿಷು ಗೊತ್ತು. ಯವ್ವ ಅಂದರೆ ಯಾರೆಂದು ಗೊತ್ತಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೇಳಲಾರದ ಯಂತ್ರ ಮಗುವಿನ ನಾಲಿಗೆ ಡೊಂಕು ಅಂದಿತು.

ಚಂಪಾಳಿಗೆ ರೇಗಿತು. ಟ್ಯಾಬ್ಲೆಟ್ಟನ್ನು ಎರಡೂ ಕೈಯಲ್ಲಿ ದೂಡಿ "ಒಲ್ಲೆ!" ಅಂದಳು.

ಗಿಳಿ ರೆಕ್ಕೆ ಬಿಚ್ಚಿ ಕುಣಿಯಿತು. "ಹೆಲೋ! ಹೆಲೋ! ಶಾಬಾಶ್!" ಪರದೆಯ ತುಂಬ ನಕ್ಷತ್ರ.

ದಾನೇಶ್ವರಿಗೆ ನಗು ಬಂತು. ಸೆರಗು ಬಾಯಿಗೆ ಹಿಡಿದಳು. ಆಮೇಲೆ ಶಾಲೆಯ ಆಯಾ "ಚಂಪಾಳಿಗೆ ನಕ್ಷತ್ರ ಬಂತು, ಇವಳು ಮುಂದಿನ ಕೋಣೆಯಲ್ಲೇ ಇರಲಿ" ಅಂದಾಗ ನಗು ನಿಂತಿತು. ಬಾಯಿಗೆ ಹಿಡಿದ ಸೆರಗನ್ನು ತೆಗೆಯಲಿಲ್ಲ.

ಮನೆಗೆ ಬಂದು ಗಂಡನಿಗೆ ಹೇಳಿದಳು. ಬಾಲಪ್ಪ ಸ್ಲ್ಯಾಬ್ ಹಾಕುವ ಗ್ಯಾಂಗಿನಲ್ಲಿ ದುಡಿಯುವವನು, ಬೆನ್ನಿನ ತುಂಬ ಸಿಮೆಂಟು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ನಾವು ಒಲ್ಲೆ ಅಂದದ್ದು ಇಲ್ಲೀ ತನಾ ಯಾರಿಗಿ ಕೇಳೇತಿ? ಗ್ಯಾಂಗಿನ ಮುಕಾದಮಗ ಒಲ್ಲೆ ಅಂದ್ರ ಹೂಂ ಅಂದಂಗ ಕೇಳಸ್ತೈತಿ. ಮಿಶನ್ನಿಗಿ ಹೆಲೋ ಅಂತಾದ್ರೂ ಕೇಳ್ತಲ್ಲ, ಚಲೋ ಆತು ಬಿಡು."

"ಆದ್ರ ಅದು ಖರೇ ಅಲ್ಲಲ್ರಿ."

"ಖರೇ ತಗೊಂಡು ಬತ್ತಿ ಹೊಸೀಬೇಕನ? ಸುಮ್ನಿರು."

ಅವಳು ಸುಮ್ಮನಿದ್ದಳು. ಚಂಪಾ ಪ್ರತಿ ದಿನ ಗಿಳಿಯನ್ನು ದೂಡಿದಳು, ಒಲ್ಲೆ ಅಂದಳು, ನಕ್ಷತ್ರ ಗೆದ್ದಳು. ಇಡೀ ಶಾಲೆಯಲ್ಲಿ ಅವಳಷ್ಟು ಹೆಲೋ ಹೇಳುವವರು ಬೇರೆ ಯಾರೂ ಇರಲಿಲ್ಲ. ಕುಡಿಯಲು, ಉಣ್ಣಲು, ಹೊರಗೆ ಹೋಗಲು ಕೇಳುವ ಒಂದು ಮಾತಿಗೂ ಅವಳಿಗೆ ನಕ್ಷತ್ರ ಬಂದಿರಲಿಲ್ಲ.

ಈ ಹೆಲೋಗಳ ರಾಶಿ ಮಹಾಪೆಯ ಕಂಪ್ಯೂಟರಿಗೆ ತಲುಪಿತು. ನೋಡಲು ಹೃಷಿಕೇಶ್ ಎಂಬ ಇಂಜಿನಿಯರ್ ಬಂದ. ಮೈಸೂರಿನವನು. ಕತ್ತಿನಲ್ಲಿ ಕಂಪನಿಯ ಪಟ್ಟಿ, ಮುಖದಲ್ಲಿ ಒಳ್ಳೆಯತನ. ನಿಜಕ್ಕೂ ಒಳ್ಳೆಯ ಹುಡುಗ. ರಾಜ್ಯೋತ್ಸವದ ದಿನ ಆಫೀಸಿಗೆ ಹಳದಿ ಕೆಂಪು ಶಾಲು ಹೊದ್ದು ಹೋಗುವವನು.

"ಅಯ್ಯೋ, ಕನ್ನಡದವ್ರಾ ನೀವು! ಮೊದ್ಲೇ ಹೇಳೋದಲ್ವಾ ಅಮ್ಮಾ? ನಿಮ್ ಮಗಳು ಎಷ್ಟು ಫ್ರೆಂಡ್ಲಿ ಗೊತ್ತಾ? ಯಾವಾಗ್ಲೂ ಹೆಲೋ ಹೇಳ್ತಾನೇ ಇರ್ತಾಳೆ!"

ದಾನೇಶ್ವರಿಗೆ ಜೀವ ಬಂದ ಹಾಗಾಯಿತು. ಕನ್ನಡದವನು ಬಂದ, ಇನ್ನು ತಿಳಿಯುತ್ತದೆ ಅಂದುಕೊಂಡಳು. ಹೆಲೋ ವಿಷಯ ಬಿಟ್ಟು ಬೇರೆ ವಿಷಯ ಎತ್ತಿದಳು. "ಸರ್ರ, ಆಕಿ ನೀರು ಅಂತಾಳ್ರಿ, ರೊಟ್ಟಿ ಅಂತಾಳ್ರಿ. ನಿಮ್ಮ ಗಿಳಿಗಿ ತಿಳ್ಯಂಗಿಲ್ಲ. ಅಕ್ಷಯಾ ಟೀಚರಿಗಿ ತಿಳೀತಿತ್ತು. ಅವ್ರನ್ನ ಹೊಳ್ಳಿ ಕರಸ್ರಿ. ಇಲ್ಲಾ ನಿಮ್ಮ ಗಿಳಿಗಿ ನಮ್ಮ ಮಾತು ಕಲಸ್ರಿ."

"ನಿಮ್ ಕನ್ನಡ ಎಷ್ಟು ಕ್ಯೂಟಾಗಿದೆ!" ಅಂದ ಹೃಷಿಕೇಶ್. ಆಮೇಲೆ ಗಂಭೀರನಾದ. "ಕನ್ನಡ ಹಾಕ್ಬಹುದು, ಆದ್ರೆ ಇಲ್ಲಿ ಅದಕ್ಕೆ ಮಾರ್ಕೆಟ್ ಇಲ್ಲಮ್ಮ. ನೀವೊಂದು ಕೆಲಸ ಮಾಡಿ. ಮನೇಲೂ ಹಿಂದೀನೇ ಮಾತಾಡಿ. ಎರಡೆರಡು ಭಾಷೆ ಆದ್ರೆ ಪಾಪ ಇಂಥ ಮಕ್ಕಳಿಗೆ ಕನ್‌ಫ್ಯೂಸ್ ಆಗುತ್ತೆ."

ಶಾಲು ವರ್ಷಕ್ಕೊಮ್ಮೆ ಹೊದೆಯಲು ಇರುವುದು. ಅದನ್ನು ದಿನಾ ಹೊದೆಯಲಾಗುತ್ತದೆಯೇ?

ದಾನೇಶ್ವರಿ ಅವನ ಮಾತು ನಂಬಿದಳು. ಓದಿದವನು, ನಮ್ಮವನು, ಮಗುವಿನ ಒಳ್ಳೆಯದಕ್ಕೇ ಹೇಳಿದ್ದಾನೆ ಎಂದು ಅವತ್ತಿನಿಂದ ಮನೆಯಲ್ಲಿ ಕನ್ನಡ ಬಂದ್ ಮಾಡಿದಳು.

ಅವಳಿಗೆ ಬರುತ್ತಿದ್ದ ಹಿಂದಿ ಹೋಟೆಲಿನ ಮೋರಿಯಲ್ಲಿ ಕಲಿತದ್ದು. ಜಲ್ದೀ ಕರ್. ಬಾಜೂ ಹಟ್. ಪಾನೀ ಮಾರ್. ಕ್ಯಾ ದೇಖತಾ ಹೈ. ಹುಕುಂ ಮತ್ತು ಬೈಗುಳ, ಅಷ್ಟೇ. ಮುದ್ದು ಮಾಡುವ ಹಿಂದಿಯನ್ನು ಅವಳಿಗೆ ಯಾರೂ ಆಡಿ ತೋರಿಸಿರಲಿಲ್ಲ. ಆದ್ದರಿಂದ ತನ್ನ ಕೂಸಿಗೂ ಅದನ್ನೇ ಆಡಿದಳು. "ಜಲ್ದೀ ಖಾ." "ಚುಪ್ ಸೋ." ಚಂಪಾ 'ನೀ' ಅಂದರೆ ಲೋಟವನ್ನು ಮೇಲೆ ಹಿಡಿದು "ಪಾನೀ ಬೋಲ್, ಪಾನೀ" ಅನ್ನುತ್ತಿದ್ದಳು. ಚಂಪಾ ಅವ್ವನ ಮುಖ ನೋಡುತ್ತಿದ್ದಳು. ಇವಳು ಯಾಕೆ ನನಗೆ ಬೈಯುತ್ತಿದ್ದಾಳೆ ಎಂದು ಆ ಕಣ್ಣು ಕೇಳುತ್ತಿತ್ತು. ಒಂದು ಸಲ ದಾನೇಶ್ವರಿ ಹೊಡೆದೂ ಹೊಡೆದಳು. ಹೊಡೆದ ಕೈಯನ್ನು ಗೋಡೆಗೆ ಬಡಿದುಕೊಂಡು ಅತ್ತಳು, ಅದು ಬೇರೆ ಮಾತು. ಮೊದಲು ಹೊಡೆದಳು.

ಚಂಪಾ ಪಾನಿ ಕಲಿಯಲಿಲ್ಲ, ನೀ ಬಿಟ್ಟಳು. ಬಾಯಾರಿದರೆ ಕೊಡದ ಹತ್ತಿರ ಹೋಗಿ ಸುಮ್ಮನೆ ನಿಲ್ಲತೊಡಗಿದಳು. ಲೊಟ್ಟಿ ಹೋಯಿತು. ಆಮೇಲೊಂದು ದಿನ ಬಾಲಪ್ಪ ಊಟಕ್ಕೆ ಕೂತವನು ತುತ್ತು ಕೈಯಲ್ಲೇ ಹಿಡಿದು ಕೇಳಿದ.

"ಕೂಸು ಯವ್ವಾ ಅಂದು ಎಷ್ಟು ದಿನ ಆತು?"

ದಾನೇಶ್ವರಿ ಬೆರಳು ಮಡಚಿ ಎಣಿಸಿದಳು. ಅವಳಿಗೂ ನೆನಪಿರಲಿಲ್ಲ. ಚಾಳಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದವಳ ಬಾಯಲ್ಲಿ ಈಗ ಉಳಿದದ್ದು ಒಂದೇ ಮಾತು. ಶಾಲೆಯಲ್ಲಿ ಅದಕ್ಕೆ ನಕ್ಷತ್ರ ಬರುತ್ತಲೇ ಇತ್ತು.

ಇಷ್ಟರಲ್ಲಿ ಮಹಾಪೆಯಲ್ಲಿ ದೊಡ್ಡ ಕಾರ್ಯಕ್ರಮ ಇಟ್ಟರು. ಗಿಳಿಗೆ ಹಣ ಹಾಕುವವರು ಬರುತ್ತಾರೆ, ಅವರೆದುರು ಗಿಳಿ ಮಗುವಿಗೆ ಮಾತು ಕಲಿಸಿದ್ದನ್ನು ತೋರಿಸಬೇಕು. ಯಾವ ಮಗು? ಇನ್ಯಾವ ಮಗು, ಹೆಲೋ ಹುಡುಗಿ. ಲೀಲಾಧರ ಶೇಟ್ ಸ್ವತಃ ಮೋರಿಯ ತನಕ ಬಂದು ಹೇಳಿದರು. "ನಾಡಿದ್ದು ರಜೆ ನಿನಗೆ ದಾನೇಶ್ವರಿ. ಮಗುವಿಗೆ ಒಳ್ಳೆ ಫ್ರಾಕ್ ಹಾಕು. ಅಲ್ಲಿ ದೊಡ್ಡ ದೊಡ್ಡವರು ಬರುವುದುಂಟು. ನಮ್ಮ ಶಾಲೆಯ ಮರ್ಯಾದೆ ಈಗ ನಿನ್ನ ಮಗಳ ಕೈಯಲ್ಲಿ."

ಶಾಲೆಯ ವ್ಯಾನಿನಲ್ಲಿ ಹೋದರು. ದಾರಿಯುದ್ದಕ್ಕೂ ಟ್ರಾಫಿಕ್, ಬಿಸಿಲು. ಚಂಪಾ ಬೆವತು ನೆಂದಿದ್ದಳು. ಮಹಾಪೆಯ ಆ ಗಾಜಿನ ಕಟ್ಟಡದ ಒಳಗೆ ಹೋದ ಕೂಡಲೇ ಎಸಿಯ ಚಳಿ. ಹಾಲಿನಲ್ಲಿ ಕುರ್ಚಿಗಳ ಮೇಲೆ ಜನ, ಮುಂದೆ ಮೇಜು, ಮೇಜಿನ ಮೇಲೆ ಟ್ಯಾಬ್ಲೆಟ್ಟು. ಅದರ ಪಕ್ಕ ಗಾಜಿನ ಜಗ್ಗಿನಲ್ಲಿ ನೀರು. ಚಂಪಾಳ ಕಣ್ಣು ಜಗ್ಗಿನ ಮೇಲೆ ನೆಟ್ಟಿತು. ದಾನೇಶ್ವರಿಯನ್ನು ಬಾಗಿಲ ಬಳಿ ಗೋಡೆಗೆ ನಿಲ್ಲಿಸಿದರು. ಕುರ್ಚಿ ಖಾಲಿ ಇದ್ದವು, ಆದರೂ ನಿಲ್ಲಿಸಿದರು.

ಗಿಳಿ ಲೋಟದ ಚಿತ್ರವನ್ನೇ ತೋರಿಸಿತು. ಚಂಪಾ ಚಿತ್ರ ನೋಡಲಿಲ್ಲ. ಜಗ್ಗಿಗೆ ಕೈ ಚಾಚಿ, ಎಷ್ಟೋ ದಿನಗಳಿಂದ ಬಾರದ ಮಾತನ್ನು ಎಳೆದು ತಂದಳು.

"ನೀ."

ದಾನೇಶ್ವರಿ ತುದಿಗಾಲಲ್ಲಿ ನಿಂತಳು. ಬಂತು, ಮಾತು ಸತ್ತಿಲ್ಲ.

"ಫಿರ್ ಸೇ ಬೋಲೋ," ಅಂದಿತು ಗಿಳಿ.

ಹೃಷಿಕೇಶ್ ಚುರುಕಿನ ಹುಡುಗ. ಜಗ್ಗಿನಿಂದ ಲೋಟಕ್ಕೆ ನೀರು ಬಗ್ಗಿಸಿ ಚಂಪಾಳಿಗೆ ನಿಲುಕದಷ್ಟು ಮೇಲೆ ಹಿಡಿದ. "ಪಾನೀ ಬೋಲೋ ಚಂಪಾ. ಬೋಲೋ, ಮಿಲೇಗಾ!" ಕುರ್ಚಿಯವರು ಮುಂದಕ್ಕೆ ಬಾಗಿದರು. "ಕಮಾನ್ ಚಂಪಾ! ಪಾ... ನೀ!"

"ನೀ. ನೀ. ನೀ."

"ಫಿರ್ ಸೇ ಬೋಲೋ."

ಬಾಯಾರಿದ ಮಗು ನೀರು ಕೇಳುತ್ತಿದೆ. ಕೋಣೆಯ ತುಂಬ ಓದಿದವರು ಕೂತಿದ್ದಾರೆ. ಯಾರೊಬ್ಬರೂ ನೀರು ಕೊಡುತ್ತಿಲ್ಲ. ಯಂತ್ರ ಇನ್ನೂ ಒಪ್ಪಿಲ್ಲವಲ್ಲ! ದಾನೇಶ್ವರಿ ನೋಡುತ್ತಾ ನಿಂತಳು. ಮನೆಯಲ್ಲಿ ತಾನೂ ಹೀಗೇ ಲೋಟ ಎತ್ತಿ ಹಿಡಿದದ್ದು ನೆನಪಾಗಿ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಚಂಪಾ ಸೋತಳು. ಟ್ಯಾಬ್ಲೆಟ್ಟನ್ನು ದೂಡಿ ಕಿರುಚಿದಳು. "ಒಲ್ಲೆ!"

"ಹೆಲೋ! ಹೆಲೋ! ಶಾಬಾಶ್!"

ಚಪ್ಪಾಳೆ ಬಿತ್ತು. ಕುರ್ಚಿಯವರೆಲ್ಲ ಎದ್ದು ಕೈ ಬೀಸಿದರು. "ಹೆಲೋ ಚಂಪಾ! ಹೆಲೋ ಬೇಟಾ!"

"ಒಲ್ಲೆ! ಒಲ್ಲೆ!" ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಫ್ರಾಕಿನ ಕೆಳಗೆ ನೆಲವೂ ಒದ್ದೆಯಾಯಿತು. ಗಿಳಿ ನಕ್ಷತ್ರ ಸುರಿಸಿತು. ಜನ ಇನ್ನೂ ಜೋರಾಗಿ ಹೆಲೋ ಅಂದರು. ಒಬ್ಬರು ಕಣ್ಣೊರೆಸಿಕೊಂಡರು, ಅಷ್ಟು ಸಂತೋಷ.

ದಾನೇಶ್ವರಿ ಗೋಡೆ ಬಿಟ್ಟಳು. ಸೀದಾ ಮೇಜಿನ ತನಕ ನಡೆದಳು. ಹೃಷಿಕೇಶನ ಕೈಯಿಂದ ಲೋಟ ಕಿತ್ತುಕೊಂಡು ಚಂಪಾಳ ಬಾಯಿಗೆ ಹಿಡಿದಳು. ಮಗು ಗಟಗಟ ಕುಡಿಯಿತು.

"ಅದು ಹೆಲೋ ಅಲ್ರೀ ಸರ್ರ," ಅಂದಳು. "ಒಲ್ಲೆ ಅನ್ನಾಕತ್ತಾಳ. ಒಲ್ಲೆ."

ಹೃಷಿಕೇಶ್ ಮುಖ ಅರಳಿಸಿ ಕುರ್ಚಿಗಳ ಕಡೆ ತಿರುಗಿದ. ತಾಯಿ ಕನ್ನಡದಲ್ಲಿ ಹೇಳುತ್ತಿದ್ದಾಳೆ, ಮಗು 'ಒಳ್ಳೆ' ಅಂದಿದೆಯಂತೆ, ಅಂದರೆ ವೆರಿ ಗುಡ್ ಎಂದು ಇಂಗ್ಲಿಷಿನಲ್ಲಿ ವಿವರಿಸಿದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದಹಾಗೆ, ಎಲ್ಲರೂ ಈಗ ತಾಯಿಗೂ ಚಪ್ಪಾಳೆ ತಟ್ಟಿದರು.

ದಾನೇಶ್ವರಿ ಬೆಚ್ಚಿದಳು. ಯಂತ್ರಕ್ಕೆ ತಿಳಿಯದಿದ್ದರೆ ಹೋಗಲಿ, ಇವನಿಗೇನಾಗಿದೆ? ಕನ್ನಡದಲ್ಲಿ ಆಗದಿದ್ದರೆ ಇವರ ಹಿಂದಿಯಲ್ಲೇ ಹೇಳುತ್ತೇನೆ ಎಂದು ಕುರ್ಚಿಗಳ ಕಡೆ ತಿರುಗಿ ಗಂಟಲು ಹರಿಯುವ ಹಾಗೆ ಕೂಗಿದಳು. "ಮೇರೀ ಬೇಟೀ ನಹೀ ಬೋಲ್ ರಹೀ ಹೈ!"

ಹಾಳು ಹಿಂದಿ. ನನ್ನ ಮಗಳು ಬೇಡ ಅನ್ನುತ್ತಿದ್ದಾಳೆ ಎಂದು ಅವಳು ಹೇಳಿದ್ದು. ನನ್ನ ಮಗಳು ಮಾತಾಡುತ್ತಿಲ್ಲ ಎಂದು ಅವರು ಕೇಳಿಸಿಕೊಂಡದ್ದು. ಎರಡಕ್ಕೂ ಅಲ್ಲಿ ಒಂದೇ ವಾಕ್ಯ. ಮುಂದಿನ ಸಾಲಿನ ರೇಷ್ಮೆ ಸೀರೆಯ ಹೆಂಗಸು ಎದ್ದು ಬಂದು ದಾನೇಶ್ವರಿಯ ಹೆಗಲು ಸವರಿದಳು. "ಬೋಲೇಗೀ, ಜರೂರ್ ಬೋಲೇಗೀ. ರೋನಾ ನಹೀ."

ಆಗ ಲೀಲಾಧರ ಶೇಟ್ ಪಕ್ಕಕ್ಕೆ ಬಂದರು. ಮುಖದಲ್ಲಿ ನಗು ಇಟ್ಟುಕೊಂಡೇ ತಗ್ಗಿದ ದನಿಯಲ್ಲಿ ಮಾತಾಡಿದರು.

"ದಾನೇಶ್ವರಿ, ನನಗೆ ಗೊತ್ತುಂಟು ಮಾರಾಯ್ತಿ. ಅದು ಒಲ್ಲೆ. ಎಷ್ಟು ವರ್ಷದಿಂದ ನಿಮ್ಮ ಕಡೆಯವರನ್ನು ಕೆಲಸಕ್ಕೆ ಇಟ್ಟುಕೊಂಡಿದ್ದೇನೆ, ಅಷ್ಟು ತಿಳಿಯುವುದಿಲ್ವಾ? ಇಲ್ಲಿ ಅದೆಲ್ಲ ಹೇಳ್ಬೇಡ. ಇಷ್ಟು ದಿನ ನೀನೂ ಸುಮ್ಮನೆ ಇದ್ದಿ ಅಲ್ವಾ? ಇನ್ನು ಐದು ನಿಮಿಷ ಇರು."

ಅವಳು ಅವರ ಮುಖ ನೋಡಿದಳು. ಗಿಳಿಗೆ ಕಿವಿ ಇಲ್ಲ. ಹೃಷಿಕೇಶನಿಗೆ ಅರ್ಧ ಕಿವಿ. ಇವರಿಗೆ ಪೂರ್ತಿ ಕಿವಿ ಇದೆ, ಕೇಳಿಸಿಯೂ ಇದೆ. ತನಗೂ ಕೇಳಿಸಿತ್ತು. ನಾವಿಬ್ಬರೂ ಸೇರಿಯೇ ಮಗುವಿನ ಒಲ್ಲೆಯನ್ನು ಇಷ್ಟು ದಿನ ಹೆಲೋ ಮಾಡಿ ಮಾರಿದ್ದೇವೆ ಅನ್ನಿಸಿತು. ಅವಳಿಗೆ ಬಂದ ಸಿಟ್ಟಿನಲ್ಲಿ ಅರ್ಧ ಅವಳ ಮೇಲಿನದೇ.

ಮಾತಿನ ಸಹವಾಸ ಸಾಕಾಗಿತ್ತು. ಅವಳು ಜಗ್ಗನ್ನು ಎತ್ತಿ, ಇದ್ದ ನೀರನ್ನೆಲ್ಲ ಟ್ಯಾಬ್ಲೆಟ್ಟಿನ ಮೇಲೆ ಸುರಿದಳು. ಅವಸರ ಮಾಡಲಿಲ್ಲ. ಬಾಣಲೆಗೆ ನೀರು ಬಿಡುವ ಹಾಗೆ ಮೂಲೆ ಮೂಲೆಗೂ ಬಿಟ್ಟಳು.

"ತಗೋ. ಇದಕ್ಕ ನೀರು ಅಂತಾರ," ಅಂದಳು ಗಿಳಿಗೆ. "ಫಿರ್ ಸೇ ಬೋಲೋ."

ಗಿಳಿ ಎರಡು ಸಲ ಮಿಣುಕಿ ಕಪ್ಪಾಯಿತು. ಈ ಸಲ ಅನುವಾದಕ್ಕೆ ಯಾರೂ ಮುಂದೆ ಬರಲಿಲ್ಲ. ಹೃಷಿಕೇಶ್ ತನ್ನ ಕರ್ಚೀಫಿನಿಂದ ಟ್ಯಾಬ್ಲೆಟ್ಟು ಒರೆಸಲು ಓಡಿದ. ಮಗುವಿನ ಮೂಗು ಒರೆಸಲು ಆ ಕರ್ಚೀಫು ಅಷ್ಟು ಹೊತ್ತೂ ಹೊರಗೆ ಬಂದಿರಲಿಲ್ಲ.

"ನಾಳೆಯಿಂದ ಹೋಟೆಲಿಗೆ ಬರ್ಬೇಡ," ಅಂದರು ಲೀಲಾಧರ ಶೇಟ್. ನಗು ಈಗ ಹೋಗಿತ್ತು. "ಮಗುವನ್ನು ಬೇಕಾದರೆ ಕಳಿಸು. ಬತ್ತಿ ಕೋಣೆಗೆ."

ವ್ಯಾನು ಅವರನ್ನು ಬಿಟ್ಟೇ ಹೋಯಿತು. ತಾಯಿ ಮಗಳು ಘಣಸೋಲಿ ಸ್ಟೇಷನ್ನಿಗೆ ಬಂದು ಠಾಣೆಯ ಗಾಡಿ ಹತ್ತಿದರು. ಅಲ್ಲಿ ಇಳಿದು ಕಲ್ಯಾಣದ ಗಾಡಿಯ ನೂಕುನುಗ್ಗಲಲ್ಲಿ ನಿಂತರು. ದಾನೇಶ್ವರಿ ದಾರಿಯುದ್ದಕ್ಕೂ ಕನ್ನಡದಲ್ಲೇ ಮಾತಾಡಿದಳು. ಖಾಡಿ ಬಂತು ನೋಡವ್ವ, ಎಷ್ಟು ನೀರು ನೋಡು. ಅಗೋ ಕೊಕ್ಕರೆ. ಹಸಿವಾತೇನ ನನ್ನ ಬಂಗಾರ? ಅಕ್ಕಪಕ್ಕದ ಹೆಂಗಸರು ತಿರುಗಿ ನೋಡಿದರು, ನೋಡಲಿ. ಚಂಪಾ ಅವಳ ಸೆರಗು ಹಿಡಿದಿದ್ದಳು. ಅವ್ವನ ಬಾಯನ್ನೇ ನೋಡುತ್ತಿದ್ದಳು.

ಬೆಳಿಗ್ಗೆ ಬಾಲಪ್ಪ, ಎರಡು ದಿನ ತಡೆದು ಶೇಟನ ಕಾಲು ಹಿಡಿ ಅಂದ. ದಾನೇಶ್ವರಿ ಅವನ ಬುತ್ತಿ ಕಟ್ಟಿ ಕೈಗಿಟ್ಟಳು. ಮಗಳ ಎದುರು ಕುಕ್ಕರಗಾಲಲ್ಲಿ ಕೂತಳು.

"ಸಾಲಿಗಿ ಹೋಗೂನೇನ ಚಂಪಾ? ಬ್ಯಾಡಂದ್ರ ಬ್ಯಾಡ."

ಹೀಗೆ ಅವಳನ್ನು ಕೇಳಿದ್ದು ಇದೇ ಮೊದಲು. ಚಂಪಾ ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಹೋಗಿ ಚಪ್ಪಲಿ ಹಾಕಿಕೊಂಡಳು, ಎಡಬಲ ಅದಲುಬದಲು. ಇಬ್ಬರೂ ಹೊರಟರು.

ಶಾಲೆಯಲ್ಲಿ ದಾನೇಶ್ವರಿ ಮುಂದಿನ ಕೋಣೆಯ ಕಡೆ ತಿರುಗಲಿಲ್ಲ. ಸೀದಾ ಹಿಂದಿನ ಬಾಗಿಲಿಗೆ ನಡೆದಳು. ಹಿಂದಿನ ಬಾಗಿಲುಗಳ ಅಭ್ಯಾಸ ಅವಳಿಗಿತ್ತು. ಆಯಾ "ಓ ಬಾಯಿ, ಕುಠೇ ಚಾಲಲೀಸ್?" ಎಂದು ಹಿಂದೆ ಓಡಿ ಬಂದಳು. ಬತ್ತಿ ಕೋಣೆಯಲ್ಲಿ ಮಕ್ಕಳು ಚಾಪೆಯ ಮೇಲೆ ಸಾಲಾಗಿ ಕೂತಿದ್ದರು. ಎಲ್ಲರ ಮುಂದೆ ಹತ್ತಿಯ ಗುಡ್ಡೆ, ತೊಡೆಯ ಮೇಲೆ ಅಂಗೈ. ಹೊಸೆದು ಹೊಸೆದು ತೊಡೆಯ ಚರ್ಮ ಕೆಂಪಾಗಿತ್ತು. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ದಾನೇಶ್ವರಿ ಮೊದಲ ಮಗುವಿನ ಮುಂದೆ ಕೂತಳು. ಒಂದು ಹಿಡಿ ಹತ್ತಿ ಎತ್ತಿ ತೋರಿಸಿದಳು. ತನ್ನ ಕನ್ನಡದಲ್ಲೇ ಕೇಳಿದಳು.

"ಇದು ನಿನಗ ಬೇಕೇನ?"

ಮಗು ಅವಳ ಮುಖ ನೋಡಿತು, ಹತ್ತಿ ನೋಡಿತು. ತುಟಿ ಹೊರಳಿಸಲು ಬಹಳ ಹೊತ್ತು ಹಿಡಿಯಿತು. ಅವಳು ಕಾದಳು. ಅಕ್ಷಯಾ ಟೀಚರ್ ಕಾಯುತ್ತಿದ್ದದ್ದನ್ನು ನೋಡಿದ್ದಳು.

"ನ... ಕೋ."

ಹಿಂದೆ ನಿಂತಿದ್ದ ಆಯಾ "ಅಗಬಾಯಿ!" ಅಂದಳು. ನಕೋ ಅವಳ ಮರಾಠಿ. ಈ ಮಗುವಿಗೆ 'ಬೇಡ' ಅನ್ನಲು ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ.

ಎರಡನೆಯವನು ಉಲ್ಹಾಸನಗರದ ಸಿಂಧಿ ಹುಡುಗ. "ನ ಖಪೇ," ಅಂದ, ಹತ್ತಿ ಒದ್ದ. ಅವನ ಪಕ್ಕದವಳು ತಲೆ ಜೋರಾಗಿ ಅಲ್ಲಾಡಿಸಿದಳು. ಅದರ ಪಕ್ಕದ ಮಗು ಏನೂ ಅನ್ನಲಿಲ್ಲ. ತಲೆ ಎತ್ತದೆ ಹೊಸೆಯುತ್ತಲೇ ಇತ್ತು. ದಾನೇಶ್ವರಿ ಅದರ ತಲೆ ಸವರಿ ಮುಂದೆ ಸರಿದಳು. ಚಂಪಾಳಿಗೆ ಇದು ಆಟವಾಯಿತು. ಅವ್ವನಿಗಿಂತ ಮೊದಲು ಹೋಗಿ ಒಬ್ಬೊಬ್ಬರ ಮುಂದೆಯೂ ಹತ್ತಿ ಹಿಡಿಯತೊಡಗಿದಳು. ನಕೋ ಎಂದವರು ಅಷ್ಟಕ್ಕೆ ನಿಲ್ಲಲಿಲ್ಲ. ನಕೋ ನಕೋ ಎಂದು ತಾಳ ಹಾಕಿದರು. ಬೀದಿಯಲ್ಲಿ ಹೋಗುವವರು ನಿಂತು ಕಿಟಕಿಯಲ್ಲಿ ನೋಡಿದರು.

ಆಯಾ ಫೋನು ಮಾಡಿದ್ದಳೋ ಏನೋ, ಲೀಲಾಧರ ಶೇಟ್ ಗಲ್ಲಾ ಬಿಟ್ಟು ಬಂದರು. ಬಾಗಿಲಲ್ಲಿ ನಿಂತು ಏದುಸಿರು ಬಿಟ್ಟರು.

"ಎಂತ ಇದು? ಯಾರು ಬಿಟ್ಟದ್ದು ಇವಳನ್ನು ಒಳಗೆ?"

"ಅಕ್ಷಯಾ ಟೀಚರ್ ಬರೂ ತನಾ ನಾ ಏಳಂಗಿಲ್ರಿ," ಅಂದಳು ದಾನೇಶ್ವರಿ. ಕೂತಲ್ಲಿಂದ ಅಲ್ಲಾಡಲಿಲ್ಲ. "ಇವ್ರಿಗಿ ಮಾತು ಬರಂಗಿಲ್ಲ ಅಂತ ಹೇಳಿದ್ರಿ. ಬಂದು ಕೇಳ್ರಿ."

"ಹುಚ್ಚಾ ನಿನಗೆ? ಈ ಮಕ್ಕಳಿಗೆ ಎಂತ ಗೊತ್ತುಂಟು? ಸುಮ್ಮನೆ ಶಬ್ದ ಮಾಡುವುದು ಅಷ್ಟೆ."

ಅದನ್ನು ತೋರಿಸಿಯೇ ಬಿಡುತ್ತೇನೆ ಎಂದು ಸಾಲಿನ ಕೊನೆಗೆ ಹೋದರು. ಅಲ್ಲಿ ನಿಕಿತಾ ಕೂತಿದ್ದಳು. ಎಲ್ಲರಿಗಿಂತ ದೊಡ್ಡವಳು, ಬತ್ತಿ ಕೋಣೆಗೆ ಎಲ್ಲರಿಗಿಂತ ಹಳಬಳು. ಅವಳ ಅಪ್ಪ ಶೇಟರ ಹೋಟೆಲಿನಲ್ಲೇ ದೋಸೆ ಹುಯ್ಯುತ್ತಿದ್ದವನು, ಅವರದೇ ಊರಿನವನು. ಲೀಲಾಧರ ಶೇಟ್ ಬಗ್ಗಿ, ಅವಳ ಕೈಯಲ್ಲಿ ಹತ್ತಿ ಇಟ್ಟು, ನಮ್ಮ ಬಂಗಾರ ಅಲ್ವಾ ನೀನು, ಬತ್ತಿ ಮಾಡು ಮಗಾ ಎಂದು ತುಳುವಿನಲ್ಲಿ ಮುದ್ದಾಗಿ ಹೇಳಿದರು.

ನಿಕಿತಾ ಕೈ ಕವುಚಿದಳು. ಹತ್ತಿ ಕೆಳಗೆ ಬಿತ್ತು.

"ಬೊಡ್ಚಿ," ಅಂದಳು.

ತುಳುವಿನ ಆ ಒಲ್ಲೆ ಮೊಂಡಾಗಿತ್ತು, ಆದರೆ ಪೂರ್ತಿ ಇತ್ತು. ಬಗ್ಗಿದವರು ಹಾಗೇ ನಿಂತರು. ಆಯಾ "ಕಾಯ್ ಮ್ಹಣತೇ, ಶೇಟ್? ಏನಂದಳು?" ಎಂದು ಕೇಳಿದಳು. ಕಿಟಕಿಯಲ್ಲಿದ್ದವರೂ ಅವರ ಬಾಯನ್ನೇ ನೋಡುತ್ತಿದ್ದರು. ಲೀಲಾಧರ ಶೇಟ್ ಬಾಯಿ ತೆರೆದರು, ಅದನ್ನು ಬೇರೆ ಯಾವ ಮಾತು ಮಾಡಿ ಹೇಳಬಹುದೆಂದು ಹುಡುಕಿದರು. ಸಿಗಲಿಲ್ಲ. ಅವರ ತಾಯಿ ಅವರಿಗೆ ಕಲಿಸಿದ ಭಾಷೆಯಲ್ಲಿ ಬೊಡ್ಚಿ ಅಂದರೆ ಬೊಡ್ಚಿ.